ಒಣ ಕಣ್ಣಿನ ಆಣೆ

ದೇವರ ಬಗ್ಗೆ ಸಿನಿಮಾ ಮಾಡುವವರನ್ನು ಕಂಡರೆ ನನಗೀಗ ಮೈಯೆಲ್ಲ ಉರಿಯುತ್ತದೆ. ಹೊಡೆದಾಟದ ಸಿನಿಮಾ ಮಾಡಲಿ, ಕುಣಿತದ್ದು ಮಾಡಲಿ, ನನ್ನದೇನೂ ತಕರಾರಿಲ್ಲ. ಅವರು ಸುಳ್ಳು ಹೇಳುತ್ತೇವೆಂದು ಮೊದಲೇ ಹೇಳಿ ಸುಳ್ಳು ಹೇಳುತ್ತಾರೆ. ಶ್ರದ್ಧೆ, ನೀತಿ, ಆತ್ಮಸಾಕ್ಷಿ ಎಂದು ದೊಡ್ಡ ದೊಡ್ಡ ಮಾತು ಕಟ್ಟಿಕೊಂಡು ಹಳ್ಳಿಗೆ ಬರುತ್ತಾರಲ್ಲ, ಆ ಜಾತಿಯವರಿಂದ ದೂರ ಇರಬೇಕು. ನಮಗೆ ಗಂಟುಬಿದ್ದವನು ಅಂಥವನೇ ಒಬ್ಬ.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಪಕ್ಕದ ಹಳ್ಳಿ. ನಾನು ಕೀರ್ತನಾ, ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಗೌರವ ಮಾತ್ರ ಮನೆಯಾಳಿನದು. ಅವ್ವ ಭರಮಮ್ಮ, ರಸ್ತೆ ಬದಿಯ ನಮ್ಮ ಕಣದಲ್ಲಿ ಚಪ್ಪರ ಹಾಕಿಕೊಂಡು ಮಿರ್ಚಿ, ಮಂಡಕ್ಕಿ ಮಾರುತ್ತಿದ್ದಳು. ಹರಪನಹಳ್ಳಿ ಕಡೆಯ ಬಸ್ಸು ಅಲ್ಲಿ ನಿಲ್ಲುತ್ತದೆ. ಅಪ್ಪ ತೀರಿಕೊಂಡ ಮೇಲೆ ಆ ಚಪ್ಪರವೇ ನನ್ನನ್ನು ಬಿ.ಎಡ್.ವರೆಗೆ ಓದಿಸಿತು.

ಆ ಕಣವನ್ನು ಅವ್ವನಿಗೆ ಕೊಟ್ಟವಳು ನನ್ನ ಅಜ್ಜಿ, ಅಂದರೆ ಅವ್ವನ ಅತ್ತೆ, ಗಿಡ್ಡಮ್ಮ. ಹಾಸಿಗೆ ಹಿಡಿದಿದ್ದಾಗ ಕರೆದು ಹೇಳಿದಳಂತೆ: "ಭರಮಿ, ರಸ್ತಿ ಕಣ ನಿಂದು. ಚೌಡ ಕೇಳಿದ್ರ ನಾ ಹೇಳೀನಿ ಅನ್ನು." ಚೌಡ ಎಂದರೆ ಚೌಡಣ್ಣ, ನನ್ನ ಕಾಕ, ಅಪ್ಪನ ತಮ್ಮ. ಅಜ್ಜಿ ಈ ಮಾತು ಹೇಳುವಾಗ ಕಾಕನ ಹೆಂಡತಿ ಸೌಭಾಗ್ಯ ಚಿಗವ್ವನೂ ಅಲ್ಲೇ ಹೊಸ್ತಿಲಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕಾಗದ ಪತ್ರ ಏನೂ ಆಗಲಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟದ್ದನ್ನು ಯಾರು ಬರೆಸುತ್ತಾರೆ? ಬಾಯಿಮಾತೇ ಗಟ್ಟಿ.

ಬಾಯಿಮಾತಿಗೆ ತಕರಾರು ಬಂದರೆ ಭಂಡಾರ ಇದೆ. ಭಂಡಾರವೆಂದರೆ ಮೈಲಾರಲಿಂಗನ ಅರಿಶಿಣ. ಭಾನುವಾರ ಬೆಳಿಗ್ಗೆ ಗುಡಿಯ ಮುಂದೆ ಕರಿ ಕಂಬಳಿ ಹಾಸಿ, ಅದರ ಮೇಲೆ ಭಂಡಾರ ಸುರಿಯುತ್ತಾರೆ. ಆಣೆ ಮಾಡುವವರು ಮೈ ತೊಳೆದು ಬಂದು, ಮುಷ್ಟಿ ತುಂಬ ಹಿಡಿದು, ಹೇಳಬೇಕಾದದ್ದನ್ನು ಹೇಳಿ, ಹಣೆಗೆ ಬಳಿದುಕೊಳ್ಳಬೇಕು. ಮುಗಿಯಿತು. ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಒಂದೇ ಕಟ್ಟಳೆ: ಅಳಬಾರದು. ಕಣ್ಣಲ್ಲಿ ನೀರು ಬಂದರೆ ಒಳಗೆ ಅಂಜಿಕೆ ಇದೆ ಎಂದು ಲೆಕ್ಕ, ಅಂಜಿಕೆ ಇದ್ದರೆ ಸುಳ್ಳಿದೆ ಎಂದು ಲೆಕ್ಕ. ಯಾರಾದರೂ ಮೂಗೆಳೆದರೆ ಹಿರಿಯರು, "ಹೋಗವ್ವ, ಕಣ್ಣು ಒಣಗಿಸಿಕೊಂಡು ಮುಂದಿನ ಐತಾರ ಬಾ" ಎಂದು ವಾಪಸ್ ಕಳಿಸುತ್ತಿದ್ದರು. ನಾನೇ ಸಣ್ಣವಳಿದ್ದಾಗ ನೋಡಿದ್ದೇನೆ.

ಇಂಥ ಊರಿಗೆ ಬಂದ ಪ್ರವೀಣಕುಮಾರ್. ದೂರದವನಲ್ಲ, ಕೊಟ್ಟೂರಿನವನೇ. ಅಲ್ಲಿ ದಲಾಲಿ ಮಂಡಿ ಇಟ್ಟಿರುವ ಬೆನಕಪ್ಪ ಸಾವ್ಕಾರರ ಮಗ. ಮನುಷ್ಯ ದೇವರಿಗೆ ಸುಳ್ಳು ಹೇಳಿದರೆ ಏನಾಗುತ್ತದೆ ಎಂಬ ಬಗ್ಗೆ ಸಿನಿಮಾ ಮಾಡುತ್ತೇನೆ ಎಂದ. 'ಹಳದಿ ಸಾಕ್ಷಿ' ಅಂತ ಹೆಸರು. ನಮ್ಮ ಗುಡಿ ನೋಡಿ, ಗುಡಿಯ ಕಟ್ಟೆ ನೋಡಿ, ಕೊನೆಗೆ ಮಿರ್ಚಿ ತಿನ್ನಲು ಬಂದು ಅವ್ವನ ಮುಖ ನೋಡಿದ.

"ಅಮ್ಮಾ, ನಿಮ್ಮ ಮುಖದಲ್ಲಿ ಒಂದು ಸತ್ಯ ಇದೆ," ಎಂದ.

"ಒಲಿ ಮುಂದ ಕುಂತು ಕೆಂಪಗಾಗೈತಿ ಬಿಡ್ರಿ. ಇನ್ನೊಂದು ಪ್ಲೇಟ್ ಹಾಕ್ಲೇನು?" ಎಂದಳು ಅವ್ವ.

ಆದರೂ ಬಿಡಲಿಲ್ಲ. ದಿನಾ ಬಂದು ಕಾಡಿ ಬೇಡಿ ಒಪ್ಪಿಸಿದ. ಕಥೆ ಏನೆಂದರೆ, ಒಬ್ಬ ತಾಯಿ, ಕುರಿ ಕದ್ದ ಮಗನನ್ನು ಉಳಿಸಿಕೊಳ್ಳಲು ಭಂಡಾರ ಮುಟ್ಟಿ 'ನನ್ನ ಮಗ ಕದ್ದಿಲ್ಲ' ಎಂದು ಸುಳ್ಳು ಆಣೆ ಮಾಡುತ್ತಾಳೆ. ಹಿರಿಯರು ನಂಬುತ್ತಾರೆ. ಆಮೇಲೆ ಇಡೀ ಸಿನಿಮಾ ಅವಳು ಗುಡಿಯ ಕಡೆ ತಲೆ ಎತ್ತಿ ನೋಡಲಾರದೆ ಒದ್ದಾಡುತ್ತಾಳೆ. ಆ ತಾಯಿ ಅವ್ವ. ಆಣೆ ಮಾಡಿಸುವ ಹಿರಿಯ, ಮೈಲಾರಲಿಂಗನ ದೀಕ್ಷೆ ಹೊತ್ತ ನಮ್ಮೂರ ಗೊರವಪ್ಪ ಯರ್ರೆಪ್ಪಜ್ಜ. ಅವನು ನಿಜಕ್ಕೂ ಊರಲ್ಲಿ ಆಣೆ ಮಾಡಿಸುವ ಹಿರಿಯನೇ. ಕರಿ ಕಂಬಳಿ, ಡಮರುಗ, ಬಿಳಿ ಮೀಸೆ ಎಲ್ಲ ಅವನದೇ ಇತ್ತು, ಬಾಡಿಗೆಗೆ ತರುವ ಖರ್ಚು ಉಳಿಯಿತು.

ಅವ್ವ ಮೊದಲೇ ಖಡಕ್ಕಾಗಿ ಹೇಳಿದಳು: "ಭಂಡಾರ ಮುಟ್ಟಿ ಸುಳ್ಳು ಹೇಳಾಕಿ ಅಲ್ರಿ ನಾನು. ಸಾರಿಗೆ ಹಾಕೋ ಅರಿಶಿಣ ಮನ್ಯಾಗ ಐತಿ, ಅದನ್ನ ತರ್ತೀನಿ." ಪ್ರವೀಣಕುಮಾರ್‌ಗೆ ಇದು ಬಹಳ ಹಿಡಿಸಿತು. 'ವಾಹ್' ಎಂದು ಪಕ್ಕದವನಿಗೆ ಹೇಳಿದ. ಅವ್ವ ಅಡುಗೆಮನೆಯ ಡಬ್ಬಿ ತಂದು ತಾನೇ ಕಂಬಳಿಯ ಮೇಲೆ ಸುರಿದು, ಗುಡಿಯ ಕಡೆ ತಿರುಗಿ ಕೈ ಮುಗಿದಳು. ದೇವರಿಗೂ ತನಗೂ ಲೆಕ್ಕ ಸರಿಯಾಯಿತು ಎಂದುಕೊಂಡಳು.

ಜಗಳ ಬಂದದ್ದು ಅಳುವ ವಿಷಯಕ್ಕೆ.

"ಆಣೆ ಮಾಡುವಾಗ ಕಣ್ಣೀರು ಬರಬೇಕಮ್ಮ."

"ಬರಬಾರ್ದ್ರಿ. ಅತ್ತರ ಸುಳ್ಳು ಅಂತಾರ ನಮ್ಮಲ್ಲಿ."

"ಅದು ನಿಮ್ಮೂರಿನಲ್ಲಿ. ಸಿನಿಮಾ ನೋಡುವವರಿಗೆ ಹೃದಯ ಕರಗಬೇಕಲ್ಲ. ಒಣ ಮುಖ ಇಟ್ಕೊಂಡರೆ ಯಾರು ನೋಡ್ತಾರೆ?"

ಕಣ್ಣಿಗೆ ಏನೋ ಔಷಧಿ ಹಾಕಿದರು. ಕಣ್ಣು ಉರಿಯಿತೇ ಹೊರತು ಮುಖ ಅಳಲಿಲ್ಲ. ಆಗ ಅವನು ಅವ್ವನ ಪಕ್ಕ ಕುಳಿತು, ಮೆಲ್ಲಗೆ, ಅಪ್ಪ ಹೇಗೆ ತೀರಿಕೊಂಡ ಎಂದು ಕೇಳತೊಡಗಿದ. ಜ್ವರ ಎಷ್ಟಿತ್ತು, ಗಾಡಿ ಯಾಕೆ ಸಿಗಲಿಲ್ಲ, ಕೊನೆಗೆ ಏನೆಂದ. ಅವ್ವ ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಅವನು ಎದ್ದು ಕೈ ಬೀಸಿ ಕ್ಯಾಮೆರಾ ಶುರು ಮಾಡಿಸಿದ. ಒಳ್ಳೆಯ ನಿರ್ದೇಶಕರು ಹೀಗೇ ಮಾಡುತ್ತಾರಂತೆ. ನನಗೆ ಮಾತ್ರ ಅಲ್ಲಿದ್ದ ಲೈಟಿನ ಕಂಬ ಕಿತ್ತು ಅವನ ತಲೆಗೆ ಹಾಕಬೇಕೆನಿಸಿತ್ತು.

ಯರ್ರೆಪ್ಪಜ್ಜನಿಗೆ ಒಂದು ಮಾತು ಬರೆದುಕೊಟ್ಟಿದ್ದರು: "ಕಣ್ಣೀರು ಬಂತಂದ್ರ ಮೈಲಾರಲಿಂಗ ಒಪ್ಪಿದಂಗ."

"ಹಂಗಿಲ್ಲಲ್ರಿ ನಮ್ಮಲ್ಲಿ," ಎಂದು ಅಜ್ಜ ಒಮ್ಮೆ ಅಂದ. "ಹೇಳಿ ಅಜ್ಜಾ, ಚೆನ್ನಾಗಿದೆ," ಎಂದರು. ಹೇಳಿದ. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಹೇಳಿದ. ಸಂಜೆಯ ಹೊತ್ತಿಗೆ ಮೀಸೆ ತೀಡಿಕೊಂಡು, ಡಮರುಗ ಬಾರಿಸಿ, ಗಂಟಲು ಎಳೆದು ಹೇಳುವಷ್ಟು ರುಚಿ ಹತ್ತಿತ್ತು.

ಸಿನಿಮಾ ಹರಪನಹಳ್ಳಿಯಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಆದರೆ ಅವ್ವನ ಆಣೆಯ ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲ ಕಡೆ. ಬಸ್ಸಿನಿಂದ ಇಳಿದವರು ಮಿರ್ಚಿ ತಿನ್ನುತ್ತ "ಅಳಾಕಿ ನೀವೇ ಹೌದಲ್ರಿ?" ಎಂದು ಕೇಳಿ ಫೋಟೋ ತೆಗೆಸಿಕೊಂಡರು. ಯರ್ರೆಪ್ಪಜ್ಜನನ್ನು ಸಭೆಗಳಿಗೆ ಕರೆದರು, ಶಾಲು ಹೊದಿಸಿದರು, ಆ ಮಾತು ಹೇಳಿಸಿ ಚಪ್ಪಾಳೆ ತಟ್ಟಿದರು. ಪ್ರವೀಣಕುಮಾರ್ ಊರೂರಿನ ಸಂದರ್ಶನಗಳಲ್ಲಿ, "ನಾನು ಏನನ್ನೂ ಕಲ್ಪಿಸಲಿಲ್ಲ, ಆ ನೆಲದ ನಂಬಿಕೆಯನ್ನು ಇದ್ದ ಹಾಗೇ ತೋರಿಸಿದೆ" ಎಂದು ಹೇಳಿಕೊಂಡು ತಿರುಗಿದ.

ಅಷ್ಟರಲ್ಲಿ ನಮ್ಮ ರಸ್ತೆ ಅಗಲವಾಯಿತು. ಕಾಕನ ಕಣ್ಣು ಕಣದ ಮೇಲೆ ಬಿತ್ತು. ಸಾಲಾಗಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಬಿಡುತ್ತೇನೆ, ಕಣ ಅಪ್ಪನಿಂದ ನನಗೆ ಬಂದದ್ದು, ಅತ್ತಿಗೆಗೆ ಸುಮ್ಮನೆ ಕನಿಕರಕ್ಕೆ ಬಿಟ್ಟಿದ್ದೆ ಎಂದ. ಹಿರಿಯರು ಕೂಡಿದರು. ಕಾಕ ಎಲ್ಲರ ಮುಂದೆ ಎದ್ದು ನಿಂತು, "ನನಗ ಜಗಳ ಬ್ಯಾಡ್ರಪಾ. ನಮ್ಮತ್ತಿಗಿ ಭಂಡಾರ ಮುಟ್ಟಿ ಹೇಳ್ಲಿ, ನಮ್ಮವ್ವ ಕಣ ಕೊಟ್ಟಾಳಂತ. ನಾ ಕೈ ಮುಗುದು ಎದ್ದು ಹೋಕ್ಕೀನಿ," ಎಂದ.

ಅವ್ವನ ಮುಖ ಅರಳಿತು. ನಿಜ ಹೇಳಲು ಅವಳಿಗೇನು ಕಷ್ಟ? ಕಾಕ ಆಣೆಯ ಮಾತನ್ನು ತಾನೇ ಯಾಕೆ ಎತ್ತಿದ ಎಂದು ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಅವ್ವ ತಲೆ ಮೇಲೆ ನೀರು ಹಾಕಿಕೊಂಡು ಹೋದಳು. ಗುಡಿಯ ಮುಂದೆ ಕಂಬಳಿ, ಅದರ ಮೇಲೆ ನಿಜವಾದ ಭಂಡಾರ. ಸುತ್ತ ಊರೆಲ್ಲ ನೆರೆದಿತ್ತು, ಅರ್ಧ ಜನರ ಕೈಯಲ್ಲಿ ಮೊಬೈಲು. ಅವ್ವ ಮುಷ್ಟಿ ತುಂಬಿಕೊಂಡು, ಸಂತೆಯಲ್ಲಿ ಬೆಲೆ ಹೇಳುವ ದನಿಯಲ್ಲಿ ಹೇಳಿದಳು: "ರಸ್ತಿ ಕಣ ನಿಂದು ಅಂತ ನಮ್ಮತ್ತಿ ಗಿಡ್ಡಮ್ಮ ನನಗ ಬಾಯಿಬಿಟ್ಟು ಹೇಳ್ಯಾಳ. ಸುಳ್ಳಾಗಿದ್ರ ಮೈಲಾರಲಿಂಗ ನೋಡ್ಕೊಳ್ಲಿ." ಹಣೆಗೆ ಬಳಿದುಕೊಂಡು ಎದ್ದಳು.

ಆಣೆ ಒಪ್ಪಿದರೆ ಕೂಗುವ 'ಏಳುಕೋಟಿ'ಯನ್ನು ಯಾರೂ ಕೂಗಲಿಲ್ಲ. ಯರ್ರೆಪ್ಪಜ್ಜ ಅವ್ವನ ಮುಖವನ್ನೇ ನೋಡುತ್ತ ಕುಳಿತಿದ್ದ. ಏನನ್ನೋ ಕಾಯುತ್ತಿದ್ದ. ಕೊನೆಗೆ ಮೀಸೆ ತೀಡಿಕೊಂಡು ಅಂದ: "ಕಣ್ಣೀರು ಬರ್ಲಿಲ್ಲಲ್ಲವ್ವ. ಕಣ್ಣೀರು ಬಂತಂದ್ರ ಮೈಲಾರಲಿಂಗ ಒಪ್ಪಿದಂಗ."

ನನಗೆ ಒಂದು ಕ್ಷಣ ನಗೆಯೇ ಬಂತು. ಅಜ್ಜ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಇಲ್ಲ. ಸುತ್ತ ನಿಂತವರೆಲ್ಲ ಹೌದು ಹೌದು ಎಂದು ತಲೆ ಆಡಿಸುತ್ತಿದ್ದರು.

"ಅಜ್ಜಾ, ಅದು ಸಿನಿಮಾದ ಮಾತು!" ಎಂದು ಕೂಗಿದೆ. "ನೀನೇ ಹಂಗಿಲ್ಲ ಅಂದಿದ್ದೆಲ್ಲೋ ಅವತ್ತು! ಅತ್ತೋರನ್ನ ಮನಿಗೆ ಕಳಸ್ತಿದ್ದೋನು ನೀನ ಅಲ್ಲೇನು?"

"ನಾನಾ?" ಎಂದ ಅಜ್ಜ. ಅವನು ನಟಿಸುತ್ತಿರಲಿಲ್ಲ, ಅದೇ ದೊಡ್ಡ ಕರ್ಮ. ಅಷ್ಟು ಸಭೆಗಳಲ್ಲಿ ಅಷ್ಟು ಸಲ ಹೇಳಿ ಹೇಳಿ ಆ ಮಾತು ಅವನ ತಾತ ಮುತ್ತಾತನದಾಗಿಬಿಟ್ಟಿತ್ತು. "ನಾಕು ತಾಲ್ಲೂಕಿನ ಮಂದಿ ಒಪ್ಪಿದ ಮಾತವ್ವ ಅದು. ನೀನು ಓದಿದಾಕಿ, ನಿನಗ ಗೊತ್ತಿಲ್ಲ."

ಆಗ ಕಾಕ ಮೊಬೈಲು ತೆಗೆದ. ಸಿನಿಮಾದ ಆ ತುಣುಕನ್ನು ದೊಡ್ಡ ದನಿಯಲ್ಲಿ ಹಚ್ಚಿ ಹಿರಿಯರ ಮುಂದೆ ಹಿಡಿದ. ಅದರಲ್ಲಿ ಅವ್ವ ಕೂದಲು ಕೆದರಿ, ಅರಿಶಿಣದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. "ನೋಡ್ರಿ, ನಮ್ಮತ್ತಿಗಿ ಸುಳ್ಳು ಆಣಿಗೇ ಇಷ್ಟು ಅಳಾಕಿ. ಖರೇನ ಆಗಿದ್ರ ಇನ್ನೆಷ್ಟು ಅಳಬೇಕಿತ್ತು?"

ಇಂಥ ತರ್ಕಕ್ಕೆ ಏನು ಹೇಳುತ್ತೀರಿ? ಜನ ಲೊಚಗುಟ್ಟಿದರು. ಸೌಭಾಗ್ಯ ಚಿಗವ್ವ ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ನಾನು ಅವಳ ಕಡೆ ನೋಡಿದಾಗ ಸೆರಗು ಮುಂದಕ್ಕೆಳೆದುಕೊಂಡು ನೆಲ ನೋಡಿದಳು. ಮುಂದಿನ ಭಾನುವಾರ ಇನ್ನೊಮ್ಮೆ ಆಣೆ ಮಾಡಲಿ, ಅಲ್ಲಿಗೆ ತೀರ್ಮಾನ ಎಂದು ಹಿರಿಯರು ಎದ್ದರು.

ಮರುದಿನ ರಜೆ ಹಾಕಿ ಕೊಟ್ಟೂರಿಗೆ ಹೋದೆ. ಪ್ರವೀಣಕುಮಾರ್ ಮನೆಯಲ್ಲೇ ಇದ್ದ. ಬಿಳಿ ಜುಬ್ಬಾ, ವಿಭೂತಿ, ಗೋಡೆಯ ಮೇಲೆ 'ಹಳದಿ ಸಾಕ್ಷಿ'ಯ ದೊಡ್ಡ ಪೋಸ್ಟರು, ಅದರಲ್ಲಿ ನಮ್ಮವ್ವನ ಒದ್ದೆ ಮುಖ. ಚಹಾ ಕೊಡಿಸಿದ. ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವನ ಕಣ್ಣು ಹೊಳೆಯಿತು.

"ಎಂಥ ವ್ಯಂಗ್ಯ! ಇದೇ ಇನ್ನೊಂದು ಸಿನಿಮಾ ಆಗುತ್ತೆ ಕೀರ್ತನಾ ಅವರೇ."

"ಸಿನಿಮಾ ಆಮ್ಯಾಲ ಮಾಡ್ರಿ ಸರ. ಈಗ ಐತಾರ ಬಂದು ಒಂದು ಮಾತು ಹೇಳ್ರಿ. ಕಣ್ಣೀರಿನ ಮಾತು ನಾನು ಬರೆದಿದ್ದು, ಈ ಊರಿನ ಪದ್ಧತಿ ಅಲ್ಲ ಅಂತ. ಬರಾಕ ಆಗದಿದ್ರ ಫೋನಿನ್ಯಾಗರ ಹೇಳ್ರಿ. ಅಷ್ಟು ಸಾಕು."

ಅವನು ಚಹಾ ಕಪ್ಪು ಕೆಳಗಿಟ್ಟ. ಗಡ್ಡ ಕೆರೆದುಕೊಂಡ.

"ನೋಡಿ, ಸಿನಿಮಾ ಒಂದು ದೊಡ್ಡ ಉತ್ಸವಕ್ಕೆ ಹೋಗಿದೆ. ಇದು ಅಲ್ಲಿಯ ಜನರ ನಿಜವಾದ ಪದ್ಧತಿ ಅಂತ ನಾನು ಬರೆದುಕೊಟ್ಟಿದ್ದೀನಿ, ಎಲ್ಲ ಕಡೆ ಮಾತಾಡಿದ್ದೀನಿ. ಈಗ ನಾನೇ ಕಟ್ಟಿದ್ದು ಅಂದರೆ ಇಡೀ ಚಿತ್ರದ ಪ್ರಾಮಾಣಿಕತೆಗೇ ಪೆಟ್ಟು ಬೀಳುತ್ತೆ."

"ಚಿತ್ರದ ಪ್ರಾಮಾಣಿಕತೆಗೆ."

"ಹೌದು. ಅದು ನನ್ನೊಬ್ಬನದಲ್ಲ, ಎಷ್ಟೋ ಜನರ ಶ್ರಮ." ಆಮೇಲೆ ಸಮಾಧಾನದ ದನಿಯಲ್ಲಿ ಹೇಳಿದ: "ನಿಮ್ಮ ತಾಯಿ ಅಷ್ಟು ಚೆನ್ನಾಗಿ ಅಳ್ತಾರಲ್ಲ. ಅಳಲಿ. ಹೇಗಿದ್ದರೂ ಅವರು ಹೇಳ್ತಿರೋದು ನಿಜಾನೇ ತಾನೇ?"

ಮನುಷ್ಯ ದೇವರಿಗೆ ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ಎರಡು ತಾಸು ಸಿನಿಮಾ ತೆಗೆದವನು! ಥೂ ಅವನ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಆದರೆ ನಾನು ಸುಳ್ಳು ಯಾಕೆ ಹೇಳಲಿ, ಬಸ್ಸಿನಲ್ಲಿ ಕುಳಿತ ಮೇಲೆ ಅವನ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು. ಅತ್ತರೆ ಏನು ಗಂಟು ಹೋಗುತ್ತದೆ? ನಿಜಕ್ಕೆ ತಾನೇ ಅಳುವುದು?

ಮನೆಗೆ ಬಂದು ಅವ್ವನಿಗೆ ಅದನ್ನೇ ಹೇಳಿದೆ. ಅವ್ವ ಕಡಲೆಹಿಟ್ಟು ಕಲಸುತ್ತಿದ್ದಳು.

"ಅವತ್ತು ನಿಮ್ಮಪ್ಪನ ನೆನಸಿ ಅತ್ತೆ," ಎಂದಳು. "ಅದನ್ನ ಅವ ತಗೊಂಡು ಸುಳ್ಳಿಗೆ ಹಚ್ಚಿದ. ಸತ್ತೋನ ಹೆಸರಿನ್ಯಾಗ ಮತ್ತೊಮ್ಮೆ ಅಳು ಅಂತೀಯೇನು, ಕಣ ಉಳಿಸಾಕ?"

"ಹೌದು, ಅಂತೀನಿ! ಅಪ್ಪ ಇದ್ದಿದ್ರ ಅವನೂ ಅದನ್ನ ಅಂತಿದ್ದ. ಚಪ್ಪರ ಹೋದ್ರ ಏನು ತಿಂತೀ?"

"ಭಂಡಾರ ಹಿಡಕೊಂಡು ನಾಟಕ ಆಡಾಕಿಲ್ಲ ನಾನು. ಒಮ್ಮೆ ಆಡೀನಿ, ಅದೂ ಮನಿ ಅರಿಶಿಣದಾಗ. ಸುಮ್ಕಿರು."

ಎರಡನೆಯ ಭಾನುವಾರ ಮೊದಲಿಗಿಂತ ಹೆಚ್ಚು ಜನ ಸೇರಿದ್ದರು. ಸುತ್ತಲ ಹಳ್ಳಿಗಳಿಂದಲೂ ಬಂದಿದ್ದರು. ಆಣೆ ಕೇಳಲು ಅಲ್ಲ, ಸಿನಿಮಾದಾಕೆ ಎದುರಿಗೇ ಅಳುತ್ತಾಳೆ ಎಂದು ನೋಡಲು. ಅವ್ವ ಕುಳಿತಳು, ಮುಷ್ಟಿ ತುಂಬಿದಳು, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು, ಹಣೆಗೆ ಬಳಿದುಕೊಂಡಳು. ಯರ್ರೆಪ್ಪಜ್ಜ ಕಾದ. ಮೊಬೈಲುಗಳು ಕಾದವು. ಯಾರೋ ಹಿಂದಿನಿಂದ "ಇನ್ನೂ ಸುರು ಆಗಿಲ್ಲ ತಡಿ" ಎಂದ.

ನಾನು ಬಗ್ಗಿ ಅವ್ವನ ಕಿವಿಯಲ್ಲಿ, "ಯವ್ವಾ, ಕೈ ಮುಗೀತೀನಿ, ಒಂದು ಸಲ ಅತ್ತುಬಿಡು" ಎಂದೆ. ಕೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸಿಲ್ಲ. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಯರ್ರೆಪ್ಪಜ್ಜನ ಕಡೆ ತಿರುಗಿದಳು.

"ಮಾವ, ಅವತ್ತು ಅಳಾಕ ಅವ್ರು ರೊಕ್ಕ ಕೊಟ್ಟಿದ್ರು. ನೀವೇನು ಕೊಡ್ತೀರಿ?"

ಅಜ್ಜನ ಮುಖ ಕಪ್ಪಿಟ್ಟಿತು. ಗುಂಪಿನಲ್ಲಿ ಗದ್ದಲ ಎದ್ದಿತು. ದೇವರ ಮುಂದೆ ಎಂಥ ಮಾತು, ಸೊಕ್ಕು ನೋಡು, ಸಿನಿಮಾಕ್ಕೆ ಹೋದ ಹೆಂಗಸು ಇನ್ನೇನಾಗುತ್ತಾಳೆ ಎಂದರು. ಮೈಲಾರಲಿಂಗ ಒಪ್ಪಿಲ್ಲ, ಕಣ ಚೌಡಣ್ಣನದು ಎಂದು ಹಿರಿಯರು ಹೇಳಿ ಎದ್ದರು. ಕೋರ್ಟಿಗೆ ಹೋಗೋಣ ಎಂದೆ ನಾನು. ಯಾವ ಕಾಗದ ಹಿಡಿದು ಹೋಗುತ್ತೀ ಎಂದಳು ಅವ್ವ.

ಮೂರ್ನಾಲ್ಕು ದಿನಕ್ಕೆ ಕಾಕ ಜೆಸಿಬಿಗೆ ಹೇಳಿದ. ಅದು ಬರುವ ಮುಂಚೆ ಚಪ್ಪರ ಬಿಚ್ಚಲು ನಾವಿಬ್ಬರೂ ಬೆಳಿಗ್ಗೆಯೇ ಹೋದೆವು. ತಗಡು ಇಳಿಸಿದೆವು, ಒಲೆ ಒಡೆದೆವು, ಬಾಣಲೆ, ಕರಿಯುವ ಜಾರಿ, ಮಂಡಕ್ಕಿ ಡಬ್ಬ ಎಲ್ಲ ಗಾಡಿಗೆ ಹಾಕಿದೆವು. ಅವ್ವ ಅಷ್ಟು ಹೊತ್ತೂ ನನ್ನನ್ನು ಬೈಯುತ್ತಲೇ ಇದ್ದಳು, ಅದು ಹಿಡಿ, ಇದು ಹಿಡಿ, ಕೈಯಾಗ ಜೀವ ಇಲ್ಲೇನು ಎಂದು. ಬಸ್ಸು ಬಂದು ನಿಂತಿತು. ಜನ ಅಭ್ಯಾಸಬಲದಿಂದ ಇಳಿದು ಮಿರ್ಚಿ ಇಲ್ಲದ್ದು ನೋಡಿ ಮತ್ತೆ ಹತ್ತಿದರು. ಕೊನೆಗೆ ಮೂಲೆಯ ಕಂಬ ಒಂದು ಉಳಿದಿತ್ತು. ಅಪ್ಪ ನೆಟ್ಟದ್ದು, ಹಿಂದೆ ಕಣದಲ್ಲಿ ಎತ್ತು ಕಟ್ಟುತ್ತಿದ್ದದ್ದು. ಅವ್ವ ಅದರ ಬುಡ ಅಗೆಯಲು ಕುಳಿತಳು. ಕಂಬ ಅಲುಗಲಿಲ್ಲ. ಎರಡೂ ಕೈಯಲ್ಲಿ ತಬ್ಬಿ ಎಳೆದಳು. ಹಾಗೆ ತಬ್ಬಿಕೊಂಡೇ ಇದ್ದಕ್ಕಿದ್ದ ಹಾಗೆ ಅಳಲು ಶುರು ಮಾಡಿದಳು. ಬಾಯಿ ಬಿಟ್ಟು, ದನಿ ತೆಗೆದು, ಹೊಟ್ಟೆಯೊಳಗಿಂದ.

ಸೌಭಾಗ್ಯ ಚಿಗವ್ವ ತಮ್ಮ ಮನೆಯಿಂದ ಓಡಿ ಬಂದಳು. ಮುಟ್ಟಲು ಕೈ ಚಾಚಿ, ಮುಟ್ಟದೆ ನಿಂತಳು. "ಅಕ್ಕಾ, ಇದನ್ನ ಅಲ್ಲಿ ಮಾಡಬೇಕಿತ್ತು," ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಅಜ್ಜಿಯ ಮಾತು ಕೇಳಿದ ಕಿವಿ ಅವಳದೂ ಅಲ್ಲವೇ? ಆ ನೀರನ್ನು ಅವಳಾದರೂ ಅಲ್ಲಿ ತರಬಹುದಿತ್ತು. ನಾನು ಅಂದೂಬಿಟ್ಟೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬಸ್ಸಿನ ಕಿಟಕಿಯಿಂದ ಒಬ್ಬ, "ಲೇ, ಆ ಆ್ಯಕ್ಟಿಂಗ್ ಮಾಡಾಕಿ ನೋಡ್ಲೇ!" ಎಂದು ಗೆಳೆಯನಿಗೆ ತೋರಿಸಿ ಮೊಬೈಲು ಹೊರಗೆ ಚಾಚಿದ. ಜೆಸಿಬಿಯ ಹಿಂದೆಯೇ ಬೈಕಿನಲ್ಲಿ ಬಂದ ಕಾಕ ಕಾಲು ಊರಿ ನಿಂತು, ಒಂದು ನಿಮಿಷ ಅವ್ವನನ್ನು ನೋಡಿದ.

"ಸಾಕು ಏಳು ಅತ್ತಿಗಿ," ಎಂದ. "ಇಲ್ಲಿ ಯಾರು ನಂಬ್ತಾರ?"

ಅವ್ವ ಕಣ್ಣು ಒರೆಸಿಕೊಳ್ಳಲಿಲ್ಲ, ಅಳು ನಿಲ್ಲಿಸಲೂ ಇಲ್ಲ. ನಾನು ಹಾರೆ ತೆಗೆದುಕೊಂಡು ಕಂಬದ ಇನ್ನೊಂದು ಬದಿಯಲ್ಲಿ ಅಗೆಯತೊಡಗಿದೆ.